ಕೂರಲು ಪುರುಸೊತ್ತಿಲ್ಲದವರ ಯಜಮಾನರಿಗೆ

ಹಾಲಿವುಡ್ಡಿನಲ್ಲಿ ಡೈನೋಸಾರ್ ವ್ಯಾಪಾರ ನಡೆಸುತ್ತಿರುವ ಸಮಸ್ತ ನಿರ್ಮಾಪಕ, ನಿರ್ದೇಶಕ ಮಹಾಶಯರಲ್ಲಿ ದಾವಣಗೆರೆಯ ನಿವೃತ್ತ ಸೀರೆ ಅಂಗಡಿ ನೌಕರನೊಬ್ಬನ ವಿಜ್ಞಾಪನೆ.

ಉಭಯಕುಶಲೋಪರಿ ಸಾಂಪ್ರತ. ನಾನು ಕ್ಷೇಮ, ಎರಡು ಮಂಡಿಗಳನ್ನು ಬಿಟ್ಟು. ಮೂರು ನಾಲ್ಕು ವರ್ಷಕ್ಕೊಂದು ಪಿಕ್ಚರ್ ಬರುತ್ತಿರುವುದನ್ನು ನೋಡಿದರೆ ತಾವೂ ಕ್ಷೇಮವೇ ಇರಬೇಕು. ತಮ್ಮಲ್ಲಿ ಕೆಲಸಕ್ಕಿರುವ ಪ್ರಾಣಿಗಳ ಕ್ಷೇಮಸಮಾಚಾರವನ್ನು ಮಾತ್ರ ಯಾರೂ ತಿಳಿಸುವುದಿಲ್ಲ. ಹಾಗಂತ ಇದು ದೂರಿನ ಪತ್ರ ಎಂದುಕೊಳ್ಳಬೇಡಿ. ಮೆಚ್ಚಿ ಬರೆಯುತ್ತಿದ್ದೇನೆ. ಇಷ್ಟು ವರ್ಷ ನೌಕರರನ್ನು ಒಂದು ಗಳಿಗೆಯೂ ಕೂರಲು ಬಿಡದೆ ದುಡಿಸಿಕೊಂಡ ಯಜಮಾನರನ್ನು ನಾನು ಜೀವನದಲ್ಲಿ ಕಂಡದ್ದು ಇಬ್ಬರನ್ನೇ. ಒಬ್ಬರು ನಮ್ಮ ಅಂಗಡಿಯವರು, ಇನ್ನೊಬ್ಬರು ತಾವು.

ನಾನು ಕೆಲಸಕ್ಕೆ ಸೇರಿದ್ದು 1984ರಲ್ಲಿ. ಆಗ ಅಂಗಡಿಯಲ್ಲಿ ಬಿಳಿ ಹಾಸು ಹೊದಿಸಿದ ಗಾದಿ ಇತ್ತು. ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಹರವುತ್ತಿದ್ದೆವು. ಗಿರಾಕಿಗಳೂ ಎದುರಿಗೆ ಕೂತು, ಮಕ್ಕಳನ್ನು ಪಕ್ಕಕ್ಕೆ ಮಲಗಿಸಿ, ಐವತ್ತು ಸೀರೆ ತೆಗೆಸಿ ಒಂದೂ ಬೇಡವೆಂದು ಎದ್ದು ಹೋಗುತ್ತಿದ್ದರು. ಹತ್ತು ವರ್ಷದ ಮೇಲೆ ಅಂಗಡಿ ಹೋಗಿ ಶೋರೂಮ್ ಆಯಿತು. ಗಾದಿ ಸುತ್ತಿ ಮಾಳಿಗೆಗೆ ಹಾಕಿದರು, ಗಾಜಿನ ಕೌಂಟರ್ ಬಂತು. ಕೌಂಟರಿನ ಹಿಂದೆ ಒಂದು ಸ್ಟೂಲು ಹಾಕಿಸಿ ಎಂದು ಕೇಳಿದ್ದಕ್ಕೆ ಯಜಮಾನರು, ‘ಕೂತವನನ್ನು ನೋಡಿದರೆ ಗಿರಾಕಿ ಒಳಗೆ ಬರಲ್ಲ ಕಣಪ್ಪಾ, ವ್ಯಾಪಾರ ಬಿದ್ದುಹೋಗಿದೆ ಅಂದ್ಕೋತಾರೆ’ ಎಂದರು. ಅಲ್ಲಿಂದಾಚೆ ಇಪ್ಪತ್ತೊಂದು ವರ್ಷ, ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೆ.

ಅದೇ 1994ರಲ್ಲಿ ತಮ್ಮ ‘ಜುರಾಸಿಕ್ ಪಾರ್ಕ್’ ಹಿಂದಿಗೆ ಡಬ್ ಆಗಿ ಬಂತು. ವಾರದ ರಜೆಯ ದಿನ ಹೋಗಿ ನೋಡಿದೆ. ಎರಡು ಗಂಟೆ ಕುರ್ಚಿಯಲ್ಲಿ ಕೂರಬಹುದು ಎನ್ನುವುದೇ ಮೊದಲ ಆಕರ್ಷಣೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಅಮೆರಿಕದ ದೊರೆಗಳೆಲ್ಲ ಹಿಂದಿಯಲ್ಲಿ ಚೀರುತ್ತಿದ್ದರು. ಡೈನೋಸಾರ್ ಒಂದೇ ನನಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದ್ದು. ಅದರ ಗರ್ಜನೆಯನ್ನು ಮರಿಯಾನೆ, ಹುಲಿ, ಮೊಸಳೆಗಳ ದನಿ ಬೆರೆಸಿ ಮಾಡಿದ್ದಂತೆ ಎಂದು ಆಮೇಲೆ ಓದಿದೆ. ಇರಲಿ, ಈ ದನಿಯ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಆ ಪಿಕ್ಚರಿನಲ್ಲಿ ನಾನು ಕಣ್ಣು ಮಿಟುಕಿಸದೆ ನೋಡಿದ್ದು ಟಿ. ರೆಕ್ಸ್ ಜೀಪಿನ ಹಿಂದೆ ಓಡುವ ದೃಶ್ಯವನ್ನಲ್ಲ. ಮೂರು ಕೊಂಬಿನ ಟ್ರೈಸೆರಾಟಾಪ್ಸ್ ಒಂದು ಹುಲ್ಲಿನ ಮೇಲೆ ಮಗ್ಗುಲಾಗಿ ಬಿದ್ದುಕೊಂಡಿರುತ್ತದೆ. ಉಸಿರಿಗೆ ತಕ್ಕ ಹಾಗೆ ಅದರ ಹೊಟ್ಟೆ ಏರುತ್ತದೆ, ಇಳಿಯುತ್ತದೆ. ಆ ಹೊಟ್ಟೆಗೆ ಒರಗಿದ ವಿಜ್ಞಾನಿಯೂ ಜೊತೆಗೇ ಏರಿ ಇಳಿಯುತ್ತಾನೆ. ಆಹಾ, ಕೊನೆಗೂ ಒಬ್ಬನಿಗೆ ಬಿಡುವು ಸಿಕ್ಕಿತಲ್ಲ ಎಂದುಕೊಂಡೆ. ಮರುಕ್ಷಣ ಗೊತ್ತಾಯಿತು, ಅದಕ್ಕೆ ಕಾಯಿಲೆ! ನಮ್ಮ ಅಂಗಡಿಯ ನಿಯಮವೇ. ಮಲಗಬೇಕೆಂದರೆ ಜ್ವರ ಬಂದಿರಬೇಕು, ಡಾಕ್ಟರು ಬಂದು ನೋಡಬೇಕು, ಆ ಪ್ರಾಣಿಯ ವಿಷಯದಲ್ಲಂತೂ ಸೆಗಣಿಯ ಗುಡ್ಡೆಗೆ ಕೈ ಹಾಕಿ ಪರೀಕ್ಷೆ ಮಾಡಬೇಕು.

ಅಲ್ಲಿಂದ ತಮ್ಮ ಹಾಜರಿ ಪುಸ್ತಕವನ್ನು ಗಮನಿಸುತ್ತಲೇ ಬಂದಿದ್ದೇನೆ. 2018ರ ‘ಫಾಲನ್ ಕಿಂಗ್‌ಡಮ್’ನಲ್ಲಿ ಟಿ. ರೆಕ್ಸ್ ಮಲಗಿತು, ಮತ್ತಿನ ಇಂಜೆಕ್ಷನ್ ಕೊಟ್ಟು ಲಾರಿಯಲ್ಲಿ ಕೆಡವಿದ್ದರಿಂದ. ಆ ನಿದ್ದೆಯನ್ನೂ ದಂಡ ಮಾಡಬಾರದೆಂದು ಅದರ ರಕ್ತ ತೆಗೆದಿರಿ. ಕೊನೆಗೆ 2025ರ ‘ರೀಬರ್ತ್’ನಲ್ಲಿ ಹೊಳೆಯ ಪಕ್ಕ ತನ್ನಷ್ಟಕ್ಕೆ ತಾನೇ ನಿದ್ದೆ ಹೋಗಿತ್ತು. ನನ್ನ ಲೆಕ್ಕದಲ್ಲಿ 32 ವರ್ಷದ ನಂತರದ ಮೊದಲ ಸ್ವಂತ ನಿದ್ದೆ. ಅದನ್ನೂ ಒಂದು ಸಂಸಾರ ದೋಣಿ ಎಳೆದುಕೊಳ್ಳುವ ನೆಪದಲ್ಲಿ ಬಂದು ಎಬ್ಬಿಸಿತು, ಎದ್ದದ್ದೇ ಓಟ. ಆ ಹೊಳೆಬದಿಯ ನಿದ್ದೆ ಮೈಕೆಲ್ ಕ್ರೈಟನ್ನರು 1990ರ ಮೂಲ ಕಾದಂಬರಿಯಲ್ಲೇ ಮಂಜೂರು ಮಾಡಿದ್ದ ರಜೆ. ಮೊದಲ ಪಿಕ್ಚರಿನಲ್ಲಿ ತಾವು ತಡೆಹಿಡಿದಿರಿ. ಮಂಜೂರಾದ ರಜೆ ಕೈಗೆ ಬರುವುದು ಮೂವತ್ತೈದು ವರ್ಷ ತಡವಾದರೆ ಅದನ್ನು ಅನುಭವಿಸುವ ಮಂಡಿ ಉಳಿದಿರಬೇಕಲ್ಲ ಸ್ವಾಮಿ.

ತಮ್ಮ ಸಮಜಾಯಿಷಿ ನನಗೆ ಗೊತ್ತು. ಎರಡು ಗಂಟೆಯ ಮೊದಲ ಪಿಕ್ಚರಿನಲ್ಲಿ ಡೈನೋಸಾರ್ ಕಾಣಿಸಿಕೊಳ್ಳುವುದೇ ಸುಮಾರು 15 ನಿಮಿಷ, ಅಷ್ಟರಲ್ಲಿ ಕೂರಿಸಿದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ ಎನ್ನುತ್ತೀರಿ. ನಮ್ಮ ಯಜಮಾನರ ಮಾತೇ ಅದು, ಕೋಟು ಹಾಕಿಕೊಂಡಿದೆ ಅಷ್ಟೆ.

ಆದರೆ ಎಚ್ಚರಿಕೆಯ ಮಾತೊಂದು ಹೇಳಬೇಕು. ತಮ್ಮ ನೌಕರರು ಕೆಲಸದ ವೇಳೆಯಲ್ಲಿ ಕೂತಿದ್ದರು ಎನ್ನುವುದಕ್ಕೆ ಸಾಕ್ಷಿಗಳು ಸಿಗುತ್ತಿವೆ, ಅದೂ ಕಲ್ಲಿನಲ್ಲಿ. ಅಮೆರಿಕದ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಊರಿನಲ್ಲಿ 2000ನೇ ಇಸವಿಯಲ್ಲಿ ಶೆಲ್ಡನ್ ಜಾನ್ಸನ್ ಎನ್ನುವ ನಿವೃತ್ತ ಕಣ್ಣಿನ ಪರೀಕ್ಷಕರು ತಮ್ಮ ಜಮೀನು ಸಮ ಮಾಡಿಸುತ್ತಿದ್ದರು. ಬಂಡೆಯೊಂದನ್ನು ಮಗುಚಿದರೆ ಅಡಿಯಲ್ಲಿ ಹೆಜ್ಜೆಗಳು. ಅಲ್ಲೀಗ ವಸ್ತುಸಂಗ್ರಹಾಲಯವೇ ಎದ್ದಿದೆ. ಆ ಜಾಗದಲ್ಲಿ ಸಿಕ್ಕ ಗುರುತುಗಳಲ್ಲಿ ಒಂದು ನಡೆದದ್ದಲ್ಲ, ಓಡಿದ್ದೂ ಅಲ್ಲ. ಕೂತದ್ದು. ವಿಜ್ಞಾನಿಗಳು ಅದರ ವರದಿ ಪ್ರಕಟಿಸಿದ್ದು 2009ರಲ್ಲಿ.

ಸುಮಾರು 19.8 ಕೋಟಿ ವರ್ಷದ ಹಿಂದೆ ಅಲ್ಲೊಂದು ಕೆರೆ. ದಂಡೆಯ ಕೆಸರಿನಲ್ಲಿ, ತಮ್ಮ ಪಿಕ್ಚರಿನ ಡೈಲೋಫೊಸಾರಸ್ಸಿನ ನೆಂಟನಿರಬಹುದಾದ ಒಂದು ಮಾಂಸಾಹಾರಿ ಇಳಿಜಾರು ಹತ್ತಿಕೊಂಡು ಬರುತ್ತದೆ. ಬಂದದ್ದು ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಕೂರುತ್ತದೆ. ಪಾದವಷ್ಟೇ ಅಲ್ಲ, ಹಿಮ್ಮಡಿಯವರೆಗೂ ನೆಲಕ್ಕೆ ಊರಿದ ಗುರುತು ಇದೆ. ಹಿಂದೆ ಕುಂಡೆಯ ಗುರುತು ಇದೆ. ಕ್ಷಮಿಸಿ, ವರದಿಯಲ್ಲಿ ಅದನ್ನು ಗೌರವದ ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ. ಬಾಲ ತಗಲಿದ ಗೆರೆ ಇದೆ. ಮುಂದೆ ಎರಡು ಕೈಗಳ ಗುರುತು ಇದೆ. ಕೂತದ್ದು ಸರಿಹೋಗಲಿಲ್ಲವೋ, ಬಿಸಿಲು ಬಂತೋ, ಎದ್ದೇಳದೆ ಕೂತಲ್ಲಿಂದಲೇ ಒಂದಿಷ್ಟು ಮುಂದಕ್ಕೆ ತೆವಳಿ ಮತ್ತೆ ಕೂತಿದೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಮದುವೆಮನೆಯ ಜಮಖಾನೆಯ ಮೇಲೆ ಕೂತ ನಮ್ಮ ದೊಡ್ಡಪ್ಪ, ಫ್ಯಾನಿನ ಗಾಳಿ ಸಿಗಲೆಂದು ಹಾಗೇ ಜರುಗುತ್ತಿದ್ದರು. ಹಲ್ಲು ಎಷ್ಟು ಚೂಪು, ಓಟ ಎಷ್ಟು ಜೋರು ಎಂದು ಕೇಳಿದ್ದಾಗೆಲ್ಲ ನನಗೆ ಆ ಪ್ರಾಣಿ ದೂರದ್ದೇ ಆಗಿತ್ತು. ಜರುಗಿ ಕೂತದ್ದನ್ನು ಕೇಳಿದ ಮೇಲೆ ಹತ್ತಿರದ್ದಾಯಿತು.

ಆ ಕೈಗುರುತಿನ ಬಗ್ಗೆ ತಮ್ಮ ಕಂಪ್ಯೂಟರ್ ವಿಭಾಗದವರಿಗೆ ಹೇಳದಿದ್ದರೆ ಒಳ್ಳೆಯದು. ಕೂತಾಗ ಅದರ ಅಂಗೈಗಳು ಒಳಮುಖವಾಗಿದ್ದವು, ಕೈಯ ಹೊರ ಅಂಚು ನೆಲ ಮುಟ್ಟಿತ್ತು. ಚಪ್ಪಾಳೆ ತಟ್ಟಲು ಹೊರಟವರ ಹಾಗೆ ಎನ್ನಿ. ತಮ್ಮ ವೆಲಾಸಿರಾಪ್ಟರುಗಳೋ, ಹಾರ್ಮೋನಿಯಂ ನುಡಿಸುವವರ ಹಾಗೆ ಅಂಗೈ ಕೆಳಗೆ ಮಾಡಿಕೊಂಡು ತಿರುಗುತ್ತವೆ, ಅದೇ ಕೈಯಲ್ಲಿ ಅಡುಗೆಮನೆಯ ಬಾಗಿಲ ಹಿಡಿ ಒತ್ತಿ ಒಳಗೆ ಬರುತ್ತವೆ. ನೂರು ಕೇಡಿಗಳನ್ನು ಓಡಿಸಿದರೂ ಗೊತ್ತಾಗದ ಕೈಯ ಸತ್ಯ ಒಬ್ಬ ಸುಸ್ತಾಗಿ ಕೂತದ್ದರಿಂದ ಗೊತ್ತಾಯಿತು. ಆ ರಾಪ್ಟರ್ ನಿಜದಲ್ಲಿ ಟರ್ಕಿ ಕೋಳಿಯ ಗಾತ್ರದ್ದು, ಮೈಮೇಲೆ ಗರಿಯೂ ಇತ್ತು ಎನ್ನುವುದನ್ನು ಇಲ್ಲಿ ಎತ್ತುವುದಿಲ್ಲ. ಅದು ಬೇರೆ ಇಲಾಖೆ.

ನಮ್ಮ ಪಕ್ಕದ ಕೇರಳ 2018ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ವ್ಯವಸ್ಥೆ ಇರಲೇಬೇಕೆಂದು ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ನಾನು 2015ಕ್ಕೇ ನಿವೃತ್ತನಾಗಿದ್ದೆ. ನನಗಿಂತ ಮೊದಲು, ಹತ್ತೊಂಬತ್ತು ಕೋಟಿ ಚಿಲ್ಲರೆ ವರ್ಷ ಮೊದಲು, ಯಾರ ಕಾನೂನನ್ನೂ ಕಾಯದೆ ಕೂತ ಈ ಪ್ರಾಣಿಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಹಳೆಯ ವಿಜ್ಞಾನಿಗಳು ತಮ್ಮಷ್ಟು ಕಠಿಣರಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಬೆಲ್ಜಿಯಂನ ಬೆರ್ನಿಸಾರ್ ಊರಿನ ಕಲ್ಲಿದ್ದಲ ಗಣಿಯಲ್ಲಿ 1878ರಲ್ಲಿ ಇಗ್ವಾನೊಡಾನ್ ಎನ್ನುವ ಡೈನೋಸಾರಿನ ಎಲುಬುಗೂಡುಗಳು ಸಿಕ್ಕ ಮೇಲೆ, ಲೂಯಿ ಡೋಲೋ ಅವರು ಕಾಂಗರೂವನ್ನು ಮುಂದಿಟ್ಟುಕೊಂಡು ಅವನ್ನು ನಿಲ್ಲಿಸಿದರು. ಎರಡು ಕಾಲು ಮುಂದೆ, ದಪ್ಪ ಬಾಲ ಹಿಂದೆ, ಮುಕ್ಕಾಲಿಯ ಲೆಕ್ಕ. ಆ ಬಾಲ ಹಾಗೆ ಬಗ್ಗಬೇಕಾದರೆ ಅದನ್ನು ಮುರಿಯಬೇಕಾಗುತ್ತದೆ ಎಂದು ಮುಂದೆ ಬಂದವರು ತೋರಿಸಿಕೊಟ್ಟರು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಟಿ. ರೆಕ್ಸ್ ಕೂಡ 1915ರಿಂದ ಬಾಲ ಊರಿಕೊಂಡೇ ನಿಂತಿತ್ತು. ತಪ್ಪು ನಿಲುವು ಸರಿ, ಆದರೂ ಊರಿಕೊಳ್ಳಲು ಏನೋ ಒಂದು ಇತ್ತಲ್ಲ. 1990ರ ದಶಕದಲ್ಲಿ ಅದನ್ನು ಬಿಚ್ಚಿ, ಬೆನ್ನು ನೆಲಕ್ಕೆ ಸಮನಾಗಿ, ಬಾಲ ಗಾಳಿಯಲ್ಲಿ ಇರುವ ಹಾಗೆ ಮತ್ತೆ ಜೋಡಿಸಿದರು. ಸರಿಯಾಗಿ ನಮ್ಮ ಅಂಗಡಿಯ ಗಾದಿ ಎತ್ತಿದ ಕಾಲಕ್ಕೇ! ವಿಜ್ಞಾನಿಗಳು ಬಾಲದ ಸ್ಟೂಲು ಕಿತ್ತುಕೊಂಡರೂ, ಇವರು ಹೀಗೆ ಕೂರಬಹುದಿತ್ತು ನೋಡಿ ಎಂದು ಬೇರೆ ಆಸನ ತೋರಿಸಿದರು. ತಾವು ಮೊದಲನೆಯದನ್ನು ಮಾತ್ರ ತೆಗೆದುಕೊಂಡಿರಿ.

ಆ ಆಸನದ ವಿವರ ಇಲ್ಲಿದೆ, ಎಂದಾದರೂ ಬೇಕಾದೀತು. ಕೋಳಿಯ ಮೊಣಕಾಲು ಹಿಂದಕ್ಕೆ ಮಡಿಚುತ್ತದೆ ಎನ್ನುತ್ತೇವಲ್ಲ, ಅದು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಮೇಲೆ, ಗರಿಯೊಳಗೆ ಮುಚ್ಚಿಕೊಂಡಿರುತ್ತದೆ. ಟಿ. ರೆಕ್ಸಿನ ಕಾಲಿನ ಕಟ್ಟೂ ಅದೇ. ಹಾಗಾಗಿ ಅದು ಕೂತರೆ ಕೋಳಿ ಕೂತ ಹಾಗೆ, ಕಾಲು ಮೈಯ ಕೆಳಗೇ ಮಡಿಚಿ, ಉದ್ದನೆಯ ಪಾದ ಪೂರ್ತಿ ನೆಲಕ್ಕೆ ತಾಗಿಸಿ. ಸೊಂಟದಿಂದ ಕೆಳಗಿಳಿದ ಒಂದು ಮೂಳೆಯ ತುದಿ ಬೂಟಿನ ಹಾಗೆ ಅಗಲವಾಗಿದೆ, ಕೂತಾಗ ಭಾರ ಇಳಿಸುವುದಕ್ಕೆ ಅದು ಒದಗುತ್ತಿತ್ತು ಎನ್ನುವ ವಾದವಿದೆ. ಎದ್ದೇಳುವುದೇ ಕಷ್ಟ. ನನಗೂ ಅಷ್ಟೆ. ಹಿಂಗಾಲು ನೀಡಿ ಏಳುವಾಗ ಎಂಟು ಟನ್ನಿನ ಮೈ ಮುಂದಕ್ಕೆ ಜಾರದಂತೆ ಆ ಪುಟ್ಟ ಕೈಗಳನ್ನು ನೆಲಕ್ಕೆ ಊರಿಕೊಳ್ಳುತ್ತಿತ್ತೇನೋ ಎಂದು 1970ರಲ್ಲಿ ನ್ಯೂಮನ್ ಎನ್ನುವವರು ಬರೆದರು. ಜಗತ್ತೆಲ್ಲ ನಗುವ ಆ ಕೈಗಳಿಗೆ ಒಬ್ಬರು ಹುಡುಕಿಕೊಟ್ಟ ಕೆಲಸ ನೋಡಿ, ಎದ್ದೇಳಲು ಊರುಗೋಲು! 2008ರಲ್ಲಿ ಕೆಂಟ್ ಸ್ಟೀವನ್ಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಟಿ. ರೆಕ್ಸನ್ನು ಕೂರಿಸಿ ಎಬ್ಬಿಸಿ ನೋಡಿದರು. ಆ ಲೇಖನದ ತಲೆಬರಹ ಕನ್ನಡದಲ್ಲಿ ‘ರೆಕ್ಸ್, ಕೂತ್ಕೋ’ ಎಂದಾಗುತ್ತದೆ, ನಾಯಿಗೆ ಹೇಳುವ ಹಾಗೆ. ಇಡೀ ಶತಮಾನದಲ್ಲಿ ಆ ಪ್ರಾಣಿಗೆ ಯಾರಾದರೂ ಹೇಳಿದ ಅತ್ಯಂತ ಮರ್ಯಾದೆಯ ಮಾತು ಅದೇ ಎಂದು ನನ್ನ ಅಭಿಪ್ರಾಯ.

ಓಟದ ಲೆಕ್ಕವೂ ತಮ್ಮ ಪರವಾಗಿಲ್ಲ. ತಮ್ಮ ಪಾರ್ಕಿನ ಯಜಮಾನರು ತಮ್ಮ ಟಿ. ರೆಕ್ಸ್ ಗಂಟೆಗೆ 32 ಮೈಲಿ ಓಡುತ್ತದೆಂದು ಜಂಬ ಕೊಚ್ಚಿಕೊಂಡರು, ಎಂದರೆ ಸುಮಾರು 51 ಕಿಲೋಮೀಟರ್. ಎರಡೇ ವರ್ಷದಲ್ಲಿ, 1995ರಲ್ಲಿ, ಜೇಮ್ಸ್ ಫಾರ್ಲೋ ಮತ್ತಿತರರು ಲೆಕ್ಕ ಹಾಕಿ, ಅಷ್ಟು ಭಾರದ ಪ್ರಾಣಿ ಜೋರಾಗಿ ಓಡುವಾಗ ಮುಗ್ಗರಿಸಿದರೆ ಪ್ರಾಣಕ್ಕೇ ಸಂಚಕಾರ ಎಂದರು. 2021ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಬಾಲದ ತೂಗಾಟದ ಲಯ ಹಿಡಿದು, ಅದು ಆರಾಮವಾಗಿ ನಡೆಯುತ್ತಿದ್ದ ವೇಗ ಗಂಟೆಗೆ ಸುಮಾರು 4.6 ಕಿಲೋಮೀಟರ್ ಎಂದು ಹೇಳಿದರು. ನಾನು ಬೆಳಗಿನ ವಾಕಿಂಗಿನಲ್ಲಿ ಅದರ ಜೊತೆ ಮಾತಾಡಿಕೊಂಡು ಹೋಗಬಹುದಿತ್ತು, ಅದಕ್ಕೆ ಹಸಿವಿಲ್ಲದ ದಿನ.

ಕೂತವರ ಕಥೆಯೇ ಇಷ್ಟಾದರೆ ಮಲಗಿದವರದು ಇನ್ನೂ ಇದೆ. ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಸಿಕ್ಕ ಬಾತುಕೋಳಿ ಗಾತ್ರದ ಒಂದು ಡೈನೋಸಾರ್ ಬಗ್ಗೆ 2004ರಲ್ಲಿ ಶು ಶಿಂಗ್ ಮತ್ತು ಮಾರ್ಕ್ ನೊರೆಲ್ ಬರೆದರು. ಸುಮಾರು 12.5 ಕೋಟಿ ವರ್ಷದ ಹಿಂದಿನ ಜೀವ. ಕಾಲು ಮಡಿಚಿ, ಕತ್ತು ಹಿಂದಕ್ಕೆ ತಿರುಗಿಸಿ, ತಲೆಯನ್ನು ಮುಂಗೈಯ ಸಂದಿಗೆ ಸಿಕ್ಕಿಸಿ, ಬಾಲವನ್ನು ಮೈಸುತ್ತ ಹೊದ್ದುಕೊಂಡಿದೆ. ಗೂಡಿನಲ್ಲಿ ಬೆಚ್ಚಗೆ ಮುದುಡಿದ ಹಕ್ಕಿಯ ಭಂಗಿಯೇ. ಜ್ವಾಲಾಮುಖಿಯ ಬೂದಿಯೋ ವಿಷಗಾಳಿಯೋ ನಿದ್ದೆಯಲ್ಲೇ ಮುಗಿಸಿರಬೇಕು. ಹೆಸರು ಮೇ ಲಾಂಗ್, ಎಂದರೆ ಗಾಢವಾಗಿ ನಿದ್ರಿಸುವ ಡ್ರ್ಯಾಗನ್. ಇದೇನೋ ಒಂದು ಸಲದ ಆಕಸ್ಮಿಕ ಎಂದು ತಾವು ತಳ್ಳಿಹಾಕಬಹುದೆಂದೇ ಇರಬೇಕು, 2012ರಲ್ಲಿ ಎರಡನೆಯದು ಪ್ರಕಟವಾಯಿತು, ಅದೂ ಹಾಗೇ ಮಲಗಿತ್ತು. 2023ರಲ್ಲಿ ಮಂಗೋಲಿಯಾದಿಂದ ಬೇರೊಂದು ಕುಲದ ಜಾಕುಲಿನಿಕಸ್, ಅದೂ ಅದೇ ಭಂಗಿ. ಹಕ್ಕಿಗಳ ಹಾಗೆ ಮಲಗುವುದು ಹಕ್ಕಿಗಳಿಗಿಂತ ಹಳೆಯ ಅಭ್ಯಾಸ ಎಂದಾಯಿತು. ನಮ್ಮ ಹಿತ್ತಲಿನ ಬುಟ್ಟಿಯಲ್ಲಿ ರಾತ್ರಿ ಕತ್ತು ಮಡಿಚಿ ಕೂರುವ ಹ್ಯಾಟೆಗೆ ಇದನ್ನು ಹೇಳಿದೆ. ಅದು ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು.

ಕೂತದ್ದಕ್ಕೆ ಕಳ್ಳನ ಪಟ್ಟ ಕಟ್ಟಿಸಿಕೊಂಡವರದೂ ಒಂದು ಪ್ರಕರಣವಿದೆ, ಅದರಲ್ಲಿ ತಮ್ಮ ಬಳಗದ ಕೈವಾಡವಿದೆ. ಮಂಗೋಲಿಯಾದಲ್ಲಿ 1923ರಲ್ಲಿ ಮೊಟ್ಟೆಗಳ ಹತ್ತಿರ ಒಂದು ಡೈನೋಸಾರ್ ಎಲುಬು ಸಿಕ್ಕಿತು. ಮೊಟ್ಟೆ ಇನ್ನೊಬ್ಬರದ್ದೆಂದು ಊಹಿಸಿ ಮರುವರ್ಷ ಅದಕ್ಕೆ ಓವಿರ್ಯಾಪ್ಟರ್, ಅಂದರೆ ಮೊಟ್ಟೆಗಳ್ಳ, ಎಂದು ಹೆಸರಿಟ್ಟರು. ಎಪ್ಪತ್ತು ವರ್ಷದ ಮೇಲೆ ಗೋಬಿ ಮರುಭೂಮಿಯಲ್ಲಿ ಅದರ ಹತ್ತಿರದ ಸಂಬಂಧಿ ಸಿಕ್ಕಿತು, ಮೊಟ್ಟೆಯ ಸುತ್ತಿನ ಮೇಲೆ ಕೂತು, ಎರಡೂ ಕೈ ಅಗಲಿಸಿ ಅವನ್ನು ಮುಚ್ಚಿಕೊಂಡ ಸ್ಥಿತಿಯಲ್ಲಿ. ಕದಿಯುತ್ತಿರಲಿಲ್ಲ, ಕಾವು ಕೂತಿತ್ತು. ಆ ಸಂಬಂಧಿಯ ಹೆಸರು ಚಿತಿಪತಿ, ನಮ್ಮ ಸಂಸ್ಕೃತದ್ದೇ ಪದ, ಚಿತೆಯ ಒಡೆಯ. ಈ ಕುಲದ ಭಾರೀ ದೇಹದವರು ಮೊಟ್ಟೆ ಒಡೆಯದಿರಲೆಂದು ಬಳೆಯಾಕಾರದಲ್ಲಿ ಇಟ್ಟು, ನಡುವಿನ ಬಯಲಲ್ಲಿ ತಮ್ಮ ಭಾರ ಇಳಿಸುತ್ತಿದ್ದರು ಎಂದು 2018ರ ಒಂದು ಅಧ್ಯಯನ ಹೇಳುತ್ತದೆ. ಎಂಥ ನಾಜೂಕಿನ ಕೂರುವಿಕೆ! ರೇಷ್ಮೆ ಸೀರೆಗಳ ನಡುವೆ ಗಾದಿಯ ಮೇಲೆ ಕೂರಲು ಕಲಿಯಲು ನನಗೆ ಒಂದು ವರ್ಷ ಹಿಡಿದಿತ್ತು. ಕಾವು ಕೂತ ಸುದ್ದಿ 1995ರಲ್ಲೇ ಅಚ್ಚಾಯಿತು. 2000ದಲ್ಲಿ ಡಿಸ್ನಿಯ ‘ಡೈನೋಸಾರ್’ ಬಂತು. ಶುರುವಿನಲ್ಲೇ ಓವಿರ್ಯಾಪ್ಟರ್ ಒಂದು ಮೊಟ್ಟೆ ಕದ್ದು ಓಡುತ್ತದೆ. ಖುಲಾಸೆಯಾದ ಐದು ವರ್ಷಕ್ಕೆ ಮತ್ತೆ ಬಂಧನ.

ನ್ಯಾಯಕ್ಕೆ ಹೇಳಬೇಕೆಂದರೆ ಕೂರದವರೂ ಇದ್ದರು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ನಮ್ಮ ದೇಶದ ಸಂಶೋಧಕರು 92 ಗೂಡು, 256 ಮೊಟ್ಟೆ ದಾಖಲಿಸಿದ್ದಾರೆ. ಅವು ಟೈಟನೊಸಾರ್ ಎನ್ನುವ ಉದ್ದ ಕತ್ತಿನ ದೈತ್ಯರವು. ಆ ಮೈಯಲ್ಲಿ ಮೊಟ್ಟೆಯ ಮೇಲೆ ಕೂತರೆ ಆಮ್ಲೆಟ್ಟೇ ಗತಿ, ಆದ್ದರಿಂದ ಮಣ್ಣಲ್ಲಿ ಹೂತು ಹೋಗುತ್ತಿದ್ದವು.

ಈಗ ನನ್ನ ಬೇಡಿಕೆ. ತಮ್ಮ ಕಸುಬಿನ ಮೂಲಪುರುಷರಲ್ಲೊಬ್ಬರು ವಿನ್ಸರ್ ಮೆಕೇ. 1914ರಲ್ಲಿ ಸಾವಿರಾರು ಚಿತ್ರಗಳನ್ನು ಕೈಯಿಂದ ಬರೆದು ಗರ್ಟಿ ಎನ್ನುವ ಡೈನೋಸಾರನ್ನು ಪರದೆಗೆ ತಂದರು. ಗರ್ಟಿ ಬೈದರೆ ಅಳುತ್ತಾಳೆ, ಕೆರೆಯ ನೀರೆಲ್ಲ ಕುಡಿಯುತ್ತಾಳೆ, ಸುಸ್ತಾದಾಗ ಮಗ್ಗುಲಾಗಿ ಉರುಳಿಕೊಳ್ಳುತ್ತಾಳೆ. ಅವಳ ಉಸಿರಾಟ ಸರಿಯಾಗಿ ಬರಲೆಂದು ಮೆಕೇ ಗಡಿಯಾರದ ಮುಂದೆ ನಿಂತು ತಮ್ಮದೇ ಉಸಿರನ್ನು ಅಳೆದುಕೊಂಡರಂತೆ. ಯಾವ ಡಾಕ್ಟರ್ ಚೀಟಿಯೂ ಇಲ್ಲದೆ, ಯಾವ ಇಂಜೆಕ್ಷನ್ನೂ ಇಲ್ಲದೆ ಬಿಡುವು ಕೊಟ್ಟ ಯಜಮಾನ ತಮ್ಮ ಮನೆತನದಲ್ಲೇ ಒಬ್ಬರಿದ್ದರು. ಮಾತಿಲ್ಲದ, ಬಣ್ಣವಿಲ್ಲದ ಆ ಕೆಲವು ನಿಮಿಷದ ಪಿಕ್ಚರನ್ನು ಮೊಮ್ಮಗಳ ಫೋನಿನಲ್ಲಿ ನೋಡಿದೆ. ಅವಳು ಎರಡು ಸಲ ನೋಡಿದಳು. ಗರ್ಟಿ ಮಲಗಿದಾಗ ಅವಳೂ ಫೋನ್ ಬಿಟ್ಟು ಎದ್ದು ಹೋಗಲಿಲ್ಲ.

ತಮ್ಮ ಮುಂದಿನ ಪಿಕ್ಚರಿನಲ್ಲಿ ಒಂದು ನಿಮಿಷ ಸಾಕು. ಕೆಸರಿನ ದಂಡೆ, ಇಳಿಜಾರು. ಟಿ. ರೆಕ್ಸೇ ಆಗಬೇಕೆಂದಿಲ್ಲ, ಯಾವುದೋ ಒಂದು ಬರಲಿ. ಬಂದು ಕೂರಲಿ. ಸ್ವಲ್ಪ ಜರುಗಿ ಮತ್ತೆ ಕೂರಲಿ. ಅದರ ಹಿಂದೆ ಸಂಗೀತ ಬೇಡ, ಪೊದೆಯಲ್ಲಿ ಯಾರೂ ಅವಿತಿರಬೇಕಿಲ್ಲ.

ಸದ್ದಿಗೆ ಏನು ಮಾಡುವುದು ಎಂದು ತಮ್ಮವರು ತಲೆ ಕೆಡಿಸಿಕೊಳ್ಳುವುದು ಬೇಡ. ಗರ್ಜನೆಗೆ ಮರಿಯಾನೆಯನ್ನು ಹಿಡಿದಿರಿ, ಉಸಿರಿಗೆ ಮೆಕೇ ತಮ್ಮನ್ನೇ ಕೊಟ್ಟುಕೊಂಡರು. ಕೂರುವ ಸದ್ದಿಗೆ ನಾನಿದ್ದೇನೆ. ಕೂರುವಾಗ ಎಡ ಮಂಡಿ ಒಮ್ಮೆ, ಬಲ ಮಂಡಿ ಎರಡು ಸಲ ಲಟಕ್ಕೆನ್ನುತ್ತದೆ. ಕೂತ ಮೇಲೆ ‘ಅಪ್ಪಾ ಶಿವನೇ’ ಎಂದು ಉದ್ದನೆಯದೊಂದು ಉಸಿರು, ಅದರಲ್ಲಿ ‘ಶಿವನೇ’ ಬೇಡವಾದರೆ ಕತ್ತರಿಸಿಕೊಳ್ಳಿ. ಎದ್ದೇಳುವ ಸದ್ದು ಇನ್ನೂ ಚೆನ್ನಾಗಿದೆ, ಪಕ್ಕದ ಮನೆಯವರಿಗೂ ಕೇಳುತ್ತದೆ. ಸಂಭಾವನೆ ಬೇಡ. ರೆಕಾರ್ಡಿಂಗಿಗೆ ಬರುವವರು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬರಬಾರದು, ಮಲಗಿರುತ್ತೇನೆ.

ಇಂತಿ ತಮ್ಮ ವಿಧೇಯ ಪ್ರೇಕ್ಷಕ,
ನಿವೃತ್ತ ಸೇಲ್ಸ್‌ಮನ್, ಸೀರೆ ವಿಭಾಗ

(ಕೂತು ಬರೆದದ್ದು)